ಡಿಜೆ ಸ್ಟೆಂಟ್ ಒಳಗೇ ಉಳಿಯದಂತೆ: ಆಸ್ಪತ್ರೆಯಲ್ಲಿ ಸ್ಟೆಂಟ್ ರಿಜಿಸ್ಟರ್ ಕಟ್ಟುವ ಬಗೆ

ಮೂತ್ರನಾಳದ ಕಲ್ಲನ್ನು ಒಡೆದು ತೆಗೆದ ಮೇಲೆ ಎಷ್ಟೋ ಸಲ ಕಿಡ್ನಿಯಿಂದ ಮೂತ್ರಕೋಶದವರೆಗೆ ಒಂದು ತೆಳು ನಳಿಗೆ ಇಟ್ಟು ರೋಗಿಯನ್ನು ಮನೆಗೆ ಕಳಿಸುತ್ತಾರೆ. ಎರಡೂ ತುದಿಯಲ್ಲಿ ಸುರುಳಿ ಇರುವುದರಿಂದ ಅದಕ್ಕೆ ಡಬಲ್ ಜೆ ಅಥವಾ ಡಿಜೆ ಸ್ಟೆಂಟ್ ಎಂದು ಹೆಸರು. ಕೆಲಸ ಮುಗಿದ ಮೇಲೆ ಇದನ್ನು ತೆಗೆಸಲೇಬೇಕು. ದಪ್ಪ ಸಾಮಾನ್ಯವಾಗಿ 5 ಅಥವಾ 6 ಫ್ರೆಂಚ್, ಅಂದರೆ 2 ಮಿಲಿಮೀಟರಿನೊಳಗೆ. ಉದ್ದ 24ರಿಂದ 26 ಸೆಂಟಿಮೀಟರ್. ಹೊರಗೆ ಗಾಯವಿಲ್ಲ, ಹೊಲಿಗೆಯಿಲ್ಲ, ಚೀಲವಿಲ್ಲ. ಮೊದಮೊದಲು ಉರಿ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಪಕ್ಕೆಯಲ್ಲಿ ಸೆಳೆತ ಇರುತ್ತದೆ. ಎಷ್ಟೋ ಜನರಿಗೆ ಅದೂ ಬರಬರುತ್ತಾ ಅಭ್ಯಾಸವಾಗಿಬಿಡುತ್ತದೆ. ಕಲ್ಲು ಹೋಯಿತು, ನೋವು ಹೋಯಿತು, ಇನ್ನು ಆಸ್ಪತ್ರೆಗೆ ಯಾಕೆ ಹೋಗಬೇಕು ಎಂದು ಮನೆಯವರೂ ಸುಮ್ಮನಾಗುತ್ತಾರೆ.

ಇದರ ಜೊತೆಗೆ ಒಂದು ಮಾತಿನ ತೊಡಕಿದೆ. ನಮ್ಮ ಜನರಿಗೆ ‘ಸ್ಟೆಂಟ್’ ಎಂದರೆ ಹೃದಯಕ್ಕೆ ಹಾಕುವ ಸ್ಟೆಂಟ್. ಅದು ಜೀವನಪೂರ್ತಿ ಒಳಗೇ ಇರುವಂಥದ್ದು. ಡಿಸ್ಚಾರ್ಜ್ ಹೊತ್ತಿನಲ್ಲಿ ‘ಸ್ಟೆಂಟ್ ಹಾಕಿದ್ದೇವೆ’ ಎಂದಷ್ಟೇ ಹೇಳಿದರೆ ಕೇಳಿದವರು ಅದೂ ಹಾಗೆಯೇ ಇರುತ್ತದೆ ಎಂದುಕೊಳ್ಳುವುದು ಸಹಜ. ಹಾಗಾಗಿ ರೋಗಿಯ ಜೊತೆ ಮಾತಾಡುವಾಗ, ಕಾರ್ಡಿನಲ್ಲಿ, ಮೆಸೇಜಿನಲ್ಲಿ, ಎಲ್ಲ ಕಡೆ ‘ತೆಗೆಸಬೇಕಾದ ಕಿಡ್ನಿ ಪೈಪ್’ ಎಂದೇ ಹೇಳಿ.

ಒಳಗೇ ಉಳಿದ ಸ್ಟೆಂಟಿನ ಮೇಲೆ ಮೂತ್ರದ ಲವಣಗಳು ಕಲ್ಲಿನಂತೆ ಕಟ್ಟಿಕೊಳ್ಳುತ್ತವೆ. 1991ರಲ್ಲಿ ಪ್ರಕಟವಾದ, ಇಂದಿಗೂ ಉಲ್ಲೇಖಗೊಳ್ಳುವ ಒಂದು ಅಧ್ಯಯನದಲ್ಲಿ ಕಲ್ಲಿನ ರೋಗಿಗಳಿಂದ 6 ವಾರದೊಳಗೆ ತೆಗೆದ ಸ್ಟೆಂಟ್‌ಗಳಲ್ಲಿ ಶೇ 9.2ರಷ್ಟರ ಮೇಲೆ ಪದರ ಕಟ್ಟಿತ್ತು. 6ರಿಂದ 12 ವಾರದಲ್ಲಿ ಅದು ಶೇ 47.5, 12 ವಾರ ದಾಟಿದವುಗಳಲ್ಲಿ ಶೇ 76.3. ಪದರ ಕಟ್ಟಿದ ಸ್ಟೆಂಟ್ ಎಳೆದರೆ ಬರುವುದಿಲ್ಲ, ಅಥವಾ ತುಂಡಾಗುತ್ತದೆ. ಐದು ನಿಮಿಷದ ಸಿಸ್ಟೋಸ್ಕೋಪಿಯಲ್ಲಿ (ಮೂತ್ರದ್ವಾರದಿಂದ ದುರ್ಬೀನು ನಳಿಗೆ ಹಾಕಿ ಮಾಡುವುದು) ಮುಗಿಯಬೇಕಿದ್ದ ಕೆಲಸಕ್ಕೆ ಎರಡು ಮೂರು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಸೋಂಕು ಏರಿ ಕಿಡ್ನಿಯನ್ನೇ ಕಳೆದುಕೊಂಡವರಿದ್ದಾರೆ.

ಇದನ್ನು ತಡೆಯಲು ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಕಂಪ್ಯೂಟರಿನಲ್ಲಿ ಸ್ಟೆಂಟ್ ಲೆಕ್ಕ ಇಡುವ ಪದ್ಧತಿ 1990ರ ದಶಕದಿಂದಲೇ ಇದೆ. ಕರಾಚಿಯ ಆಗಾ ಖಾನ್ ವಿಶ್ವವಿದ್ಯಾಲಯದ ಮೂತ್ರರೋಗ ತಜ್ಞರು 2000ರಲ್ಲೇ ಇಂಥ ಒಂದು ವ್ಯವಸ್ಥೆಯ ಬಗ್ಗೆ ಬರೆದರು, ಸ್ಟೆಂಟ್ ತೆಗೆಯುವ ಹೊಣೆ ಹಾಕಿದ ವೈದ್ಯರದ್ದೇ ಎಂದು ವಾದಿಸಿದರು. ವಾರಕ್ಕೆ ಹತ್ತು ಹದಿನೈದು ಸ್ಟೆಂಟ್ ಹಾಕುವ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಒಂದು ಎಕ್ಸೆಲ್ ಹಾಳೆ, ಒಂದು ಫೋನ್ ಮತ್ತು ಈ ಕೆಲಸಕ್ಕೆಂದೇ ಹೆಸರಿಸಿದ ಒಬ್ಬ ವ್ಯಕ್ತಿ ಸಾಕು. ಆ ವ್ಯಕ್ತಿ ಇಲ್ಲದೆ ಎಂಥ ಇಎಂಆರ್ (ರೋಗಿಗಳ ದಾಖಲೆ ಇಡುವ ಸಾಫ್ಟ್‌ವೇರ್) ತಂದರೂ ಉಪಯೋಗವಿಲ್ಲ. ಓಟಿಯ (ಆಪರೇಷನ್ ಥಿಯೇಟರಿನ) ಹಿರಿಯ ನರ್ಸ್ ಆಗಬಹುದು, ರೆಕಾರ್ಡ್ ವಿಭಾಗದವರಾಗಬಹುದು. ರಜೆಯಲ್ಲಿದ್ದಾಗ ಯಾರು ನೋಡಿಕೊಳ್ಳುತ್ತಾರೆ ಎಂಬುದೂ ಬರೆದಿರಬೇಕು.

ಒಂದು ಸ್ಟೆಂಟಿಗೆ ಒಂದು ಸಾಲು

ಮೊದಲ ತಪ್ಪು ಆಗುವುದು ಇಲ್ಲೇ. ರೋಗಿಗೊಂದು ಸಾಲು ಎಂದು ರಿಜಿಸ್ಟರ್ ಕಟ್ಟಿದರೆ, ಎರಡೂ ಕಡೆ ಸ್ಟೆಂಟ್ ಇದ್ದವರ ಬಲಗಡೆಯದನ್ನು ತೆಗೆದ ದಿನ ಯಾರೋ ಸಾಲಿನ ಮುಂದೆ ‘ತೆಗೆದಿದೆ’ ಎಂದು ಬರೆಯುತ್ತಾರೆ. ಎಡಗಡೆಯದು ಪಟ್ಟಿಯಿಂದಲೇ ಮಾಯವಾಗುತ್ತದೆ. ಎರಡು ಸ್ಟೆಂಟ್ ಎಂದರೆ ಎರಡು ಸಾಲು. ಹಳೆಯದು ತೆಗೆದು ಹೊಸದು ಹಾಕಿದರೆ ಹಳೆಯ ಸಾಲನ್ನು ಮುಗಿಸಿ ಹೊಸ ಸಾಲು ತೆರೆಯಬೇಕು, ಹಳೆಯ ಸಾಲಿನ ದಿನಾಂಕವನ್ನು ತಿದ್ದಬಾರದು. ತಿದ್ದಿದರೆ ಒಟ್ಟು ಎಷ್ಟು ತಿಂಗಳು ಒಳಗಿದೆ ಎಂಬ ಲೆಕ್ಕ ಸಿಗುವುದಿಲ್ಲ.

ಪ್ರತಿ ಸಾಲಿನಲ್ಲಿ ಇರಬೇಕಾದವು ಇಷ್ಟೇ:

- ಆಸ್ಪತ್ರೆಯ ಯುಎಚ್‌ಐಡಿ (ರೋಗಿಯ ಗುರುತು ಸಂಖ್ಯೆ). ಇದ್ದರೆ 14 ಅಂಕಿಯ ಆಭಾ (ರಾಷ್ಟ್ರೀಯ ಆರೋಗ್ಯ ಖಾತೆ) ಸಂಖ್ಯೆ
- ಹೆಸರು, ವಯಸ್ಸು, ಊರು, ತಾಲ್ಲೂಕು
- ಎರಡು ಫೋನ್ ನಂಬರ್, ಅವು ಯಾರವು ಎಂಬ ವಿವರ
- ಬಲ ಅಥವಾ ಎಡ
- ಹಾಕಿದ ದಿನಾಂಕ, ಯಾಕೆ ಹಾಕಿದ್ದು, ಹಾಕಿದ ವೈದ್ಯರು
- ಸ್ಟೆಂಟಿನ ಅಳತೆ, ಲಾಟ್ ಸಂಖ್ಯೆ, ಎಳೆದು ತೆಗೆಯಲು ಹೊರಗೆ ದಾರ ಬಿಟ್ಟಿದೆಯೇ
- ತೆಗೆಯಬೇಕಾದ ದಿನಾಂಕ
- ಸಂಪರ್ಕಿಸಿದ ವಿವರ: ಯಾವತ್ತು, ಯಾರಿಗೆ, ಏನು ಹೇಳಿದರು
- ತೆಗೆದ ದಿನಾಂಕ, ತೆಗೆದವರು, ಮುಗಿಸಿದ ಕಾರಣ

ಇದಕ್ಕಿಂತ ಹೆಚ್ಚು ಕಾಲಂ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಸೇರಿಸಬೇಡಿ. ನಲವತ್ತು ಕಾಲಂ ಇದ್ದರೆ ಓಟಿಯಲ್ಲಿ ಯಾರೂ ತುಂಬುವುದಿಲ್ಲ.

ಎಕ್ಸೆಲ್ ಬಳಸುವವರು ಹಾಳೆ ತೆರೆದ ದಿನವೇ ಎರಡು ಕೆಲಸ ಮಾಡಬೇಕು. ಯುಎಚ್‌ಐಡಿ, ಆಭಾ ಮತ್ತು ಫೋನ್ ಕಾಲಂಗಳನ್ನು ‘ಟೆಕ್ಸ್ಟ್’ ಮಾದರಿಗೆ ಹಾಕಿ. ಇಲ್ಲವಾದರೆ ಮೊದಲ ಸೊನ್ನೆಗಳು ಉದುರುತ್ತವೆ, 14 ಅಂಕಿಯ ಸಂಖ್ಯೆ ಅರ್ಥವಾಗದ ಗಣಿತದ ರೂಪದಲ್ಲಿ ಕಾಣುತ್ತದೆ. ಎರಡನೆಯದು ದಿನಾಂಕ, ಇದು ಇನ್ನೂ ಅಪಾಯಕಾರಿ. ಕಂಪ್ಯೂಟರಿನ ರೀಜನ್ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 05-06 ಎಂದು ಟೈಪ್ ಮಾಡಿದ ಜೂನ್ 5, ಮೇ 6 ಆಗಿ ಕೂರುತ್ತದೆ. 25-06 ಎಂದದ್ದು ದಿನಾಂಕವೇ ಆಗದೆ ಬರೀ ಅಕ್ಷರವಾಗಿ ಉಳಿಯುತ್ತದೆ. ‘ಅವಧಿ ಮೀರಿದವು’ ಎಂದು ಫಿಲ್ಟರ್ ಹಾಕಿದಾಗ ಆ ಸಾಲು ಬರುವುದೇ ಇಲ್ಲ. ಹಾಳೆ ನೋಡಲು ಸರಿಯಾಗಿಯೇ ಇರುತ್ತದೆ, ರೋಗಿ ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ. ಕಂಪ್ಯೂಟರಿನ ರೀಜನ್ ಅನ್ನು ಇಂಡಿಯಾಕ್ಕೆ ಬದಲಿಸಿ, ದಿನಾಂಕವನ್ನು 05-ಜೂನ್-2025 ಎಂಬಂತೆ ತಿಂಗಳ ಹೆಸರು ಕಾಣುವ ಹಾಗೆ ಇಡಿ, ಡೇಟಾ ವ್ಯಾಲಿಡೇಷನ್‌ನಲ್ಲಿ ‘ದಿನಾಂಕ ಮಾತ್ರ’ ಎಂದು ಕಟ್ಟುಹಾಕಿ.

ಸಾಲು ಹುಟ್ಟುವುದು ಓಟಿಯಲ್ಲಿ

ವಾರ್ಡಿನಲ್ಲಿ ಬರೆಯೋಣ, ಡಿಸ್ಚಾರ್ಜ್ ದಿನ ಬರೆಯೋಣ ಎಂದರೆ ಅರ್ಧ ಬಿಟ್ಟುಹೋಗುತ್ತದೆ. ರೋಗಿ ಓಟಿಯಿಂದ ಹೊರಡುವ ಮುಂಚೆ, ಉಪಕರಣ ಎಣಿಸುವ ಹೊತ್ತಿನಲ್ಲೇ ಸಾಲು ತೆರೆಯಬೇಕು. ಸ್ಟೆಂಟಿನ ಡಬ್ಬಿಯಲ್ಲಿ ಅಂಟಿಸುವ ಸ್ಟಿಕ್ಕರ್ ಇರುತ್ತದೆ. ಒಂದು ಕೇಸ್ ಶೀಟಿಗೆ, ಇನ್ನೊಂದು ಓಟಿಯ ಸ್ಟೆಂಟ್ ಪುಸ್ತಕಕ್ಕೆ. ಕಂಪ್ಯೂಟರ್ ಕೈಕೊಟ್ಟ ದಿನ ಆ ಪುಸ್ತಕವೇ ಆಧಾರ.

ಪ್ರತಿ ತಿಂಗಳ ಕೊನೆಯಲ್ಲಿ ಸ್ಟೋರ್ ಲೆಕ್ಕಕ್ಕೂ ರಿಜಿಸ್ಟರಿಗೂ ತಾಳೆ ನೋಡಿ. ಉದಾಹರಣೆಗೆ, ಸ್ಟೋರಿನಿಂದ 31 ಸ್ಟೆಂಟ್ ಹೊರಟಿವೆ, ಹಾಕುವಾಗ ಹಾಳಾಗಿ ಬಿಸಾಡಿದ್ದು 2, ರಿಜಿಸ್ಟರಿನಲ್ಲಿ 27 ಸಾಲು. ಉಳಿದ 2 ಸ್ಟೆಂಟ್ ಯಾರದೋ ಮೈಯಲ್ಲಿವೆ. ಅವರ ಹೆಸರು ಸಿಗುವವರೆಗೆ ಓಟಿ ಪುಸ್ತಕ ಬಿಡಬೇಡಿ. ರಿಜಿಸ್ಟರ್ ತನ್ನಲ್ಲಿ ಇಲ್ಲದ ರೋಗಿಯನ್ನು ತಾನೇ ತೋರಿಸಲಾರದು. ಸ್ಟೋರ್ ಲೆಕ್ಕ ಮಾತ್ರ ತೋರಿಸಬಲ್ಲದು. ಅರ್ಧ ಗಂಟೆಯ ಈ ಕೆಲಸದಷ್ಟು ಬೆಲೆಯುಳ್ಳದ್ದು ಇಡೀ ವ್ಯವಸ್ಥೆಯಲ್ಲಿ ಬೇರೆ ಇಲ್ಲ.

ಮೂತ್ರರೋಗ ವಿಭಾಗದ ಹೊರಗೆ ಹಾಕಿದ ಸ್ಟೆಂಟ್‌ಗಳ ಮೇಲೆ ವಿಶೇಷ ಕಣ್ಣಿರಲಿ. ಗರ್ಭಕೋಶದ ಶಸ್ತ್ರಚಿಕಿತ್ಸೆಯ ನಡುವೆ ಕರೆದು ಹಾಕಿಸಿದ್ದು, ಕ್ಯಾನ್ಸರ್ ರೋಗಿಗೆ ಹಾಕಿದ್ದು, ಕಿಡ್ನಿ ಕಸಿಯ ವೇಳೆ ಇಟ್ಟದ್ದು: ಈ ರೋಗಿಗಳು ಮುಂದೆ ಬೇರೆ ವಿಭಾಗಕ್ಕೆ ಓಡಾಡುತ್ತಾರೆ, ಪ್ರತಿ ವಿಭಾಗವೂ ಇನ್ನೊಂದು ನೋಡಿಕೊಳ್ಳುತ್ತದೆ ಎಂದುಕೊಳ್ಳುತ್ತದೆ. ಯಾವ ಓಟಿಯಲ್ಲಿ ಹಾಕಿದರೂ ಸಾಲು ಇದೇ ರಿಜಿಸ್ಟರಿನಲ್ಲಿ. ಬೇರೆ ಊರಿನ ಆಸ್ಪತ್ರೆಯಲ್ಲಿ ಹಾಕಿಸಿಕೊಂಡು ನಿಮ್ಮಲ್ಲಿಗೆ ಬಂದವರಿಗೂ ಹಾಗೆಯೇ. ಕಲಬುರಗಿ, ವಿಜಯಪುರದ ಕಡೆಯವರು ಸೋಲಾಪುರಕ್ಕೋ ಮುಂಬೈಗೋ ಹೋಗಿ ಆಪರೇಷನ್ ಮಾಡಿಸಿಕೊಂಡು ಬರುವುದುಂಟು. ಚೀಟಿಯಲ್ಲಿ ಸ್ಟೆಂಟ್ ಎಂದು ಕಂಡ ಕೂಡಲೇ ಸಾಲು ತೆರೆಯಿರಿ.

ತೆಗೆಯುವ ದಿನಾಂಕ ಖಾಲಿ ಬಿಡುವಂತಿಲ್ಲ

‘ಆಮೇಲೆ ತಿಳಿಸಲಾಗುವುದು’ ಎಂಬ ಆಯ್ಕೆಯೇ ಇರಬಾರದು. ಎಷ್ಟು ದಿನ ಎಂಬುದು ಹಾಕಿದ ವೈದ್ಯರ ತೀರ್ಮಾನ. ತೊಡಕಿಲ್ಲದ ಯುಆರ್‌ಎಸ್ (ಮೂತ್ರದ್ವಾರದಿಂದ ದುರ್ಬೀನು ಹಾಕಿ ಕಲ್ಲು ತೆಗೆಯುವುದು) ಆದ ಮೇಲೆ 1–2 ವಾರ, ಪಿಸಿಎನ್‌ಎಲ್ (ಬೆನ್ನಿನ ಕಡೆಯಿಂದ ರಂಧ್ರ ಮಾಡಿ ಕಿಡ್ನಿ ಕಲ್ಲು ತೆಗೆಯುವುದು) ನಂತರ 2–4, ಪೈಲೋಪ್ಲಾಸ್ಟಿಗೆ (ಕಿಡ್ನಿ ಮತ್ತು ಮೂತ್ರನಾಳ ಸೇರುವಲ್ಲಿನ ತಡೆ ಸರಿಪಡಿಸುವ ಶಸ್ತ್ರಚಿಕಿತ್ಸೆ) 4–6 ವಾರ ಸಾಮಾನ್ಯ ರೂಢಿ. ತಿಂಗಳುಗಟ್ಟಲೆ ಬೇಕಾದವರಿಗೂ ಮಾಮೂಲಿ ಪಾಲಿಯುರೆಥೇನ್ ಸ್ಟೆಂಟನ್ನು ಹೆಚ್ಚುಕಡಿಮೆ ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಗರ್ಭಿಣಿಯರಲ್ಲಿ ಪದರ ಬೇಗ ಕಟ್ಟುವುದರಿಂದ 4–6 ವಾರಕ್ಕೇ ಬದಲಿಸುತ್ತಾರೆ. ಇದಕ್ಕೂ ಮುಂಚಿನ ಪ್ರಶ್ನೆಯೊಂದಿದೆ: ಈ ರೋಗಿಗೆ ಸ್ಟೆಂಟ್ ಬೇಕೇ ಬೇಕೇ? ಸರಾಗವಾಗಿ ಮುಗಿದ ಯುಆರ್‌ಎಸ್‌ನಲ್ಲಿ ಸ್ಟೆಂಟ್ ಇಡದೆಯೂ ಕಳಿಸಬಹುದು ಎಂದು ಅಮೆರಿಕ, ಯುರೋಪಿನ ಮಾರ್ಗಸೂಚಿಗಳು ಹೇಳುತ್ತವೆ. ‘ಯಾಕೆ ಹಾಕಿದ್ದು’ ಎಂಬ ಕಾಲಂ ಕಡ್ಡಾಯವಾದರೆ ಆ ಯೋಚನೆಗೆ ಒಂದು ಕ್ಷಣ ಸಿಗುತ್ತದೆ.

ಸ್ಟೆಂಟ್ ತೆಗೆಯುವುದು ಗುರುವಾರ ಮಾತ್ರ ಎಂದಿದ್ದರೆ ದಿನಾಂಕ ಗುರುವಾರವೇ ಬೀಳಬೇಕು. 28 ದಿನದ ಲೆಕ್ಕ ಶನಿವಾರಕ್ಕೆ ಬಂದರೆ ಹಿಂದಿನ ಗುರುವಾರಕ್ಕೆ ತನ್ನಿ, ಮುಂದಕ್ಕೆ ತಳ್ಳಬೇಡಿ. ಡಿಸ್ಚಾರ್ಜ್ ಆಗುವಾಗಲೇ ಸಿಸ್ಟೋಸ್ಕೋಪಿ ಸ್ಲಾಟ್ ಬರೆದುಬಿಡಿ. ಆ ದಿನ ಊರ ಜಾತ್ರೆಯೋ ಮಗಳ ಮದುವೆಯೋ ಇದೆಯೇ, ಕಬ್ಬು ಕಡಿಯಲು ಬೇರೆ ಜಿಲ್ಲೆಗೆ ಹೋಗುವವರೇ ಎಂದು ಕೇಳಿ. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಬರುವುದಿಲ್ಲ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಈ ದಿನಾಂಕ ಪ್ರತ್ಯೇಕ ಜಾಗದಲ್ಲಿ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಇರಬೇಕು. ‘ನಾಲ್ಕು ವಾರದ ನಂತರ ಬರುವುದು’ ಎಂದು ಔಷಧಿಗಳ ಪಟ್ಟಿಯ ಕೆಳಗೆ ಇಂಗ್ಲಿಷಿನಲ್ಲಿ ಬರೆದ ಸಾಲನ್ನು ರೋಗಿಯೂ ಓದುವುದಿಲ್ಲ, ಕಂಪ್ಯೂಟರೂ ಹುಡುಕಲಾರದು. ಹಳೆಯ ಸಮ್ಮರಿ ಕಾಪಿ ಮಾಡಿ ಅಂಟಿಸುವ ಅಭ್ಯಾಸವಿದ್ದಲ್ಲಿ ಹಿಂದಿನ ರೋಗಿಯ ದಿನಾಂಕವೇ ಇವರಿಗೂ ಹೋಗಿರುತ್ತದೆ. ಸರ್ಕಾರಿ ಸಂಸ್ಥೆ ಎನ್‌ಐಸಿಯ ಇ-ಹಾಸ್ಪಿಟಲ್ ಸಾಫ್ಟ್‌ವೇರ್ ಇರಲಿ, ಖಾಸಗಿ ಇಎಂಆರ್ ಇರಲಿ, ಸ್ಟೆಂಟ್ ಸಾಲು ತೆರೆದ ರೋಗಿಗೆ ತೆಗೆಯುವ ದಿನಾಂಕ ತುಂಬದೆ ಸಮ್ಮರಿ ಪ್ರಿಂಟ್ ಆಗದಂತೆ ಮಾಡಿಸಲು ಸಾಧ್ಯವೇ ಎಂದು ಸಾಫ್ಟ್‌ವೇರಿನವರನ್ನು ಕೇಳಿ. ಅವರಿಂದ ಕೇಳಬೇಕಾದ ಮೊದಲ ಬದಲಾವಣೆ ಇದೇ.

ಫೋನ್ ಮತ್ತು ಮೆಸೇಜ್

ಎರಡು ನಂಬರ್ ಬರೆದುಕೊಂಡರೆ ಸಾಲದು, ಡಿಸ್ಚಾರ್ಜ್ ಕೌಂಟರಿನಲ್ಲಿ ನಿಂತಿರುವಾಗಲೇ ಎರಡಕ್ಕೂ ಕರೆ ಮಾಡಿ. ಒಂದು ಅಂಕಿ ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ರೋಗಿಯದೆಂದು ಕೊಟ್ಟ ನಂಬರ್ ಬೆಂಗಳೂರಿನಲ್ಲಿರುವ ಮಗನದ್ದಾಗಿರುವುದು ಮಾಮೂಲು. ಎರಡನೆಯದು ಅದೇ ಊರಿನಲ್ಲಿರುವವರದ್ದಾಗಿರಲಿ.

ಎಸ್‌ಎಂಎಸ್ ಸಾಮೂಹಿಕವಾಗಿ ಕಳಿಸಬೇಕಾದರೆ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಕಳಿಸುವವರ ಹೆಸರು ಮತ್ತು ಸಂದೇಶದ ಮಾದರಿ ಎರಡೂ ಮೊಬೈಲ್ ಕಂಪನಿಗಳ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ನೋಂದಣಿಯಾಗಿರಬೇಕು. ನೋಂದಾಯಿಸಿದ ಮಾದರಿಗಿಂತ ಒಂದು ಪದ ಬದಲಾದರೂ ಮೆಸೇಜ್ ತಡೆಯಲ್ಪಡುತ್ತದೆ. ಕಳಿಸಿದ್ದೇವೆ ಎಂದು ಆಸ್ಪತ್ರೆ ನಂಬಿರುತ್ತದೆ, ಯಾರಿಗೂ ತಲುಪಿರುವುದಿಲ್ಲ. ಪ್ರತಿ ವಾರ ಡೆಲಿವರಿ ರಿಪೋರ್ಟ್ ತೆರೆದು ನೋಡಿ.

ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿದರೆ ಕನ್ನಡದಲ್ಲಿ ಹಿಡಿಯುವುದು 70. ಅದರಲ್ಲೂ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ: ‘ನಿಮ್ಮ’ ಎಂಬುದು ಕಣ್ಣಿಗೆ ಎರಡಕ್ಷರ, ಫೋನಿಗೆ ಐದು. ಹೀಗಿರಲಿ:

‘ನಿಮ್ಮ ಕಿಡ್ನಿ ಪೈಪ್ 14-06ರಂದು ತೆಗೆಸಬೇಕು. ತಪ್ಪದೆ ಬನ್ನಿ.’

ಇದು 52. ಹತ್ತಂಕಿಯ ಫೋನ್ ನಂಬರ್ ಸೇರಿಸಿದರೂ 70ರೊಳಗೆ ಮುಗಿಯುತ್ತದೆ. ಆಸ್ಪತ್ರೆಯ ಹೆಸರೂ ಸೇರಿದರೆ ಎರಡು ಭಾಗವಾಗುತ್ತದೆ, ಖರ್ಚು ಎರಡರಷ್ಟು. ಆದರೂ ಹೆಸರು ಹಾಕಿ, ಅಪರಿಚಿತ ಮೆಸೇಜನ್ನು ಇವತ್ತು ಯಾರೂ ನಂಬುವುದಿಲ್ಲ. ರೋಗದ ವಿವರ ಬೇಡ, ಲಿಂಕ್ ಬೇಡ. ಓದಲು ಬಾರದವರಿಗೆ ಕರೆಯೇ ಆಗಬೇಕು.

ಕ್ರಮ ಹೀಗೆ: ದಿನಾಂಕಕ್ಕೆ 7 ದಿನ ಮುಂಚೆ ಮೆಸೇಜ್, 2 ದಿನ ಮುಂಚೆ ಕರೆ. ಬರದಿದ್ದರೆ ಮರುದಿನ ಕರೆ, 3ನೇ ದಿನ ಎರಡನೇ ನಂಬರಿಗೆ. 7ನೇ ದಿನ ವೈದ್ಯರೇ ಮಾತಾಡಬೇಕು. ವೈದ್ಯರ ದನಿಗೆ ಬರುವವರು ಮೆಸೇಜಿಗೆ ಬರುವವರಿಗಿಂತ ಹೆಚ್ಚು. 14ನೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕನ್ನಡದ ಪತ್ರ, ಜೊತೆಗೆ ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಫೋನ್. ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಬಂದರೆ ಎಷ್ಟೋ ವೇಳೆ ಕೆಲಸ ಆಗುತ್ತದೆ. ಹೀಗೆ ಮೂರನೆಯವರಿಗೆ ತಿಳಿಸಲು, ಫೋನ್ ಮಾಡಲು ಒಪ್ಪಿಗೆಯನ್ನು ಆಪರೇಷನ್ ಒಪ್ಪಿಗೆ ಪತ್ರದ ಜೊತೆಯೇ ಪಡೆದಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಆಸ್ಪತ್ರೆಗಳೂ ಬರುತ್ತವೆ. ಹಾಳೆಗೆ ಪಾಸ್‌ವರ್ಡ್ ಇರಲಿ. ಬಾಕಿ ಇರುವವರ ಹೆಸರಿನ ಪಟ್ಟಿಯ ಫೋಟೋ ವಾಟ್ಸ್ಆ್ಯಪ್ ಗುಂಪಿಗೆ ಹಾಕಕೂಡದು.

ಸೋಮವಾರದ ಇಪ್ಪತ್ತು ನಿಮಿಷ

ವಾರಕ್ಕೊಮ್ಮೆ, ನಿಗದಿತ ಹೊತ್ತಿನಲ್ಲಿ ರಿಜಿಸ್ಟರ್ ನೋಡಿಕೊಳ್ಳುವವರು ಮತ್ತು ಒಬ್ಬ ಮೂತ್ರರೋಗ ತಜ್ಞರು ಕೂತು ಮೂರು ಪಟ್ಟಿ ನೋಡಬೇಕು: ಅವಧಿ ಮೀರಿದವು, ಮುಂದಿನ 14 ದಿನದಲ್ಲಿ ಬರಬೇಕಾದವು, ದಿನಾಂಕವೋ ಫೋನೋ ಇಲ್ಲದವು. ಮೊದಲನೆಯದರಲ್ಲಿ ಹಳೆಯದು ಮೇಲೆ ಬರುವಂತೆ ಜೋಡಿಸಿ. ಪ್ರತಿ ಹೆಸರಿಗೂ ಈ ವಾರ ಯಾರು ಏನು ಮಾಡುತ್ತಾರೆ ಎಂದು ಬರೆದೇ ಏಳಬೇಕು.

ಇಎಂಆರ್ ಇದ್ದರೆ, ಸ್ಟೆಂಟ್ ಇರುವ ರೋಗಿಯ ಫೈಲನ್ನು ಯಾವ ವಿಭಾಗದವರು ತೆರೆದರೂ ಮೇಲ್ಗಡೆ ಒಂದು ಸಾಲು ಕಾಣುವಂತೆ ಮಾಡಿಸಿ. ಒತ್ತಿ ಮುಚ್ಚಬೇಕಾದ ಪಾಪ್-ಅಪ್ ಬೇಡ. ದಿನಕ್ಕೆ ಐವತ್ತು ಪಾಪ್-ಅಪ್ ಮುಚ್ಚುವ ವೈದ್ಯರು ಇದನ್ನೂ ಓದದೆಯೇ ಮುಚ್ಚುತ್ತಾರೆ.

ಮುಗಿಸುವುದು ಯಾವಾಗ

‘ಅಪಾಯಿಂಟ್‌ಮೆಂಟ್ ಕೊಟ್ಟಿದೆ’, ‘ಬರುತ್ತೇನೆಂದರು’ ಇವು ಮುಗಿಸುವ ಕಾರಣಗಳಲ್ಲ. ತೆಗೆದ ವೈದ್ಯರು ಸ್ಟೆಂಟನ್ನು ಕೈಯಲ್ಲಿ ಹಿಡಿದು ಎರಡೂ ಸುರುಳಿ ಪೂರ್ತಿ ಇವೆ ಎಂದು ನೋಡಿದ ಮೇಲೆಯೇ ಸಾಲು ಮುಗಿಯಬೇಕು. ತುಂಡಾಗಿದ್ದರೆ ಎಕ್ಸ್‌ರೇ ಮಾಡಿ, ಉಳಿದ ತುಂಡಿನ ಹೆಸರಿನಲ್ಲಿ ಸಾಲು ತೆರೆದೇ ಇರಲಿ. ಮುಗಿಸುವ ಕಾರಣಗಳ ಪಟ್ಟಿ ಚಿಕ್ಕದು: ಇಲ್ಲಿ ತೆಗೆದದ್ದು, ಬದಲಿಸಿದ್ದು, ಬೇರೆಡೆ ತೆಗೆಸಿಕೊಂಡದ್ದು, ತಾನಾಗಿ ಬಿದ್ದದ್ದು, ರೋಗಿ ತೀರಿಕೊಂಡದ್ದು. ಬೇರೆಡೆ ತೆಗೆಸಿದೆ ಎಂದರೆ ಅಲ್ಲಿನ ಚೀಟಿಯ ಫೋಟೋ ತರಿಸಿ. ಚೀಟಿ ಇಲ್ಲದಿದ್ದರೆ, ಅಥವಾ ದಾರದ ಸ್ಟೆಂಟ್ ತಾನೇ ಬಿತ್ತು ಎಂದರೆ, ಒಂದು ಕೆಯುಬಿ (ಕಿಡ್ನಿಯಿಂದ ಮೂತ್ರಕೋಶದವರೆಗಿನ) ಎಕ್ಸ್‌ರೇ ಸಂಶಯ ಕಳೆಯುತ್ತದೆ.

ಅಳೆಯುವಾಗ ಬೀಳುವ ಗುಂಡಿ

ಸ್ಟೆಂಟ್ ಸರಾಸರಿ ಎಷ್ಟು ದಿನ ಒಳಗಿತ್ತು ಎಂದು ಲೆಕ್ಕ ಹಾಕುವುದು ಸುಲಭ, ಆದರೆ ಅದು ದಾರಿ ತಪ್ಪಿಸುತ್ತದೆ. ಒಂದು ತಿಂಗಳಲ್ಲಿ 40 ಸ್ಟೆಂಟ್ ತೆಗೆಯಬೇಕಿತ್ತು, 36 ತೆಗೆದಿರಿ, ಸರಾಸರಿ 25 ದಿನ ಎಂದುಕೊಳ್ಳಿ. ವರದಿ ಚೆನ್ನಾಗಿದೆ. ಬಾರದ 4 ಜನ ಆ ಸರಾಸರಿಯೊಳಗೆ ಇಲ್ಲವೇ ಇಲ್ಲ, ಏಕೆಂದರೆ ಅವರ ಸ್ಟೆಂಟಿಗೆ ತೆಗೆದ ದಿನಾಂಕವೇ ಇಲ್ಲ. ಎಷ್ಟು ವರ್ಷ ಬಾರದೆ ಇದ್ದರೂ ಸರಾಸರಿ ಕದಲುವುದಿಲ್ಲ. ಅದರ ಬದಲು ಇವನ್ನು ನೋಡಿ: ಈ ತಿಂಗಳು ತೆಗೆಯಬೇಕಿದ್ದವುಗಳಲ್ಲಿ ನಿಗದಿತ ದಿನದಿಂದ 14 ದಿನದೊಳಗೆ ತೆಗೆದದ್ದು ಶೇಕಡಾ ಎಷ್ಟು, ಇನ್ನೂ ತೆರೆದಿರುವ ಸಾಲುಗಳಲ್ಲಿ ಅತಿ ಹಳೆಯದು ಎಷ್ಟು ದಿನದ್ದು, ಸ್ಟೋರ್ ತಾಳೆಯಲ್ಲಿ ಎಷ್ಟು ಕಾಣೆ. ಎರಡನೆಯ ಸಂಖ್ಯೆಯನ್ನು ಓಟಿಯ ಗೋಡೆಯ ಮೇಲೆ ಬರೆಯಿರಿ.

ರಿಜಿಸ್ಟರಿಗೆ ಮುಂಚಿನವರು

ಹೊಸ ಪದ್ಧತಿ ಎರಡು ತಿಂಗಳು ನಡೆದ ಮೇಲೆ ಹಿಂದಕ್ಕೆ ತಿರುಗಿ. ಹಿಂದಿನ ಎರಡು ವರ್ಷದ ಓಟಿ ಪುಸ್ತಕದಿಂದ ಸ್ಟೆಂಟ್ ಹಾಕಿದವರ ಪಟ್ಟಿ, ಸಿಸ್ಟೋಸ್ಕೋಪಿ ಪುಸ್ತಕದಿಂದ ತೆಗೆಸಿಕೊಂಡವರ ಪಟ್ಟಿ ಮಾಡಿ ಯುಎಚ್‌ಐಡಿ ಮೇಲೆ ಹೋಲಿಸಿ. ಎಕ್ಸ್‌ರೇ, ಸ್ಕ್ಯಾನ್ ವರದಿಗಳಲ್ಲೂ ಹುಡುಕಿ. ಬರೆಯುವವರು ಒಬ್ಬೊಬ್ಬರು ಒಂದೊಂದು ಥರ ಬರೆಯುವುದರಿಂದ ಡಿಜೆ, ಡಿ-ಜೆ, ಜೆಜೆ, ಡಬಲ್ ಜೆ, ಬರೀ ಸ್ಟೆಂಟ್, ಹೀಗೆ ಎಲ್ಲ ರೂಪಗಳನ್ನೂ ಹಾಕಬೇಕು. ಉಳಿದ ಹೆಸರುಗಳಿಗೆ ಒಂದೊಂದೇ ಕರೆ ಮಾಡಿ.

ಕರೆಯಲ್ಲಿ ಬೈಯಬೇಡಿ. ‘ನಮ್ಮ ಪಟ್ಟಿಯಲ್ಲಿ ನಿಮ್ಮ ಪೈಪ್ ತೆಗೆದದ್ದು ಕಾಣಿಸುತ್ತಿಲ್ಲ, ಬೇರೆ ಕಡೆ ತೆಗೆಸಿದ್ದೀರಾ?’ ಎಂದು ಕೇಳಿದರೆ ಸಾಕು. ಆಪರೇಷನ್‌ಗೆ ಮಾಡಿದ ಸಾಲ ಇನ್ನೂ ತೀರಿಲ್ಲ, ಮತ್ತೆ ಖರ್ಚು ಎಂದು ಹೆದರಿ ಬಾರದವರು ಇರುತ್ತಾರೆ; ಎಷ್ಟು ಖರ್ಚಾಗುತ್ತದೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಡಿ ಏನು ಸಾಧ್ಯ ಎಂಬುದನ್ನು ಫೋನ್ ಮಾಡುವವರು ಮೊದಲೇ ತಿಳಿದಿರಬೇಕು. ಜ್ವರ, ಚಳಿ ನಡುಕ ಇದೆ ಎಂದರೆ ಗುರುವಾರದವರೆಗೆ ಕಾಯಿಸದೆ ಅದೇ ದಿನ ಬರಹೇಳಿ.

ಮೂರು ತಿಂಗಳು ದಾಟಿದ ಯಾವ ಸ್ಟೆಂಟನ್ನೂ ನೇರವಾಗಿ ಎಳೆಯಲು ಹೋಗಬಾರದು. ಮೊದಲು ಕೆಯುಬಿ ಎಕ್ಸ್‌ರೇ, ಯೂರಿನ್ ಕಲ್ಚರ್ (ಮೂತ್ರದ ಸೋಂಕಿನ ಪರೀಕ್ಷೆ), ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ರಕ್ತ ಪರೀಕ್ಷೆ). ಎರಡೂ ಸುರುಳಿಯ ಮೇಲೆ ಪದರವಿದೆಯೇ ಎಂದು ಎಕ್ಸ್‌ರೇಯಲ್ಲಿ ನೋಡಿ. ಸಂಶಯವಿದ್ದರೆ ಸಿಟಿ ಸ್ಕ್ಯಾನ್. ಕೆಳಗಿನ ಸುರುಳಿಯ ಕಲ್ಲನ್ನು ಮೂತ್ರಕೋಶದೊಳಗೆ ಒಡೆಯಬಹುದು, ಮೇಲಿನದಕ್ಕೆ ಪಿಸಿಎನ್‌ಎಲ್ ಬೇಕಾಗಬಹುದು. ಆ ಸೌಲಭ್ಯ ನಿಮ್ಮಲ್ಲಿ ಇಲ್ಲದಿದ್ದರೆ ಎಳೆದು ನೋಡುವ ಮುಂಚೆಯೇ ದೊಡ್ಡ ಕೇಂದ್ರಕ್ಕೆ ಕಳಿಸಿ, ಎಕ್ಸ್‌ರೇ ಮತ್ತು ಹಾಕಿದ ದಿನಾಂಕ ಜೊತೆಗಿರಲಿ. ರೋಗಿ ಅಲ್ಲಿ ತೆಗೆಸಿಕೊಂಡ ಚೀಟಿ ಬರುವವರೆಗೆ ನಿಮ್ಮ ರಿಜಿಸ್ಟರಿನಲ್ಲಿ ಆ ಸಾಲು ತೆರೆದೇ ಇರಬೇಕು.